ಆರು ಮಿಲಿಮೀಟರ್

ಸಂಪಾದಕ ಮಂಡಳಿಯವರು "ನಿನಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯದ ಮೇಲೆ ಬರೆದುಕೊಡು" ಎಂದಾಗ ನನಗೆ ಮೊದಲು ಹೊಳೆದದ್ದು ಸೈಕಲ್ ಗಾಲಿ. ಗೆಳೆಯರು ನಕ್ಕರು. ಗಾಲಿಯ ಬಗ್ಗೆ ಬರೆಯಲು ಏನಿದೆ, ದುಂಡಗಿದೆ, ತಿರುಗುತ್ತದೆ ಎಂದರು. ಆದರೆ ಕಳೆದ ವರ್ಷ ಒಂದು ಜೊತೆ ಗಾಲಿ ಆರಿಸಲು ನಾನು ಮೂರು ತಿಂಗಳು ತೆಗೆದುಕೊಂಡೆ. ಆ ಮೂರು ತಿಂಗಳಲ್ಲಿ ಕಲಿತದ್ದು ಸೈಕಲ್ಲಿನ ವಿಷಯ ಮಾತ್ರವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಹೇಳುವ ಅಭ್ಯಾಸದ ಗಾಲಿ ಎಂದರೆ ಚಿಕ್ಕ ಮಕ್ಕಳ ಸೈಕಲ್ಲಿಗೆ ಅಕ್ಕಪಕ್ಕ ಹಾಕುವ ಪುಟ್ಟ ಗಾಲಿಗಳಲ್ಲ. ರೋಡ್ ಸೈಕಲ್ ಓಡಿಸುವವರು ಸ್ಪರ್ಧೆಗೆ ಒಂದು ಜೊತೆ, ದಿನನಿತ್ಯದ ಅಭ್ಯಾಸಕ್ಕೆ ಇನ್ನೊಂದು ಜೊತೆ ಗಾಲಿ ಇಟ್ಟುಕೊಳ್ಳುತ್ತಾರೆ. ಸ್ಪರ್ಧೆಯ ಗಾಲಿ ಹಗುರವಾಗಿರುತ್ತದೆ, ಅಭ್ಯಾಸದ ಗಾಲಿ ಗಟ್ಟಿಯಾಗಿರುತ್ತದೆ. ನನ್ನ ಹತ್ತಿರ ಇದ್ದದ್ದು ಒಂದೇ ಜೊತೆ. ಅದೂ ಸೈಕಲ್ಲಿನ ಜೊತೆಗೇ ಸೆಕೆಂಡ್ ಹ್ಯಾಂಡ್ ಬಂದದ್ದು.

ನಮ್ಮ ವಿಜಯಪುರ ಮತ್ತು ಪಕ್ಕದ ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟದವರೆಗೆ ಹೋದ ಸೈಕ್ಲಿಸ್ಟ್‌ಗಳು ಎಷ್ಟೋ ಜನ ಇದ್ದಾರೆ. ಬೆಳಗಿನ ಹೊತ್ತು ಊರ ಹೊರಗಿನ ಯಾವ ರಸ್ತೆಗೆ ಹೋದರೂ ಬಣ್ಣದ ಜೆರ್ಸಿ ತೊಟ್ಟ ಹುಡುಗ ಹುಡುಗಿಯರು ಸಾಲಾಗಿ ಹೋಗುವುದು ಕಾಣುತ್ತದೆ. ನಾನೂ ಆ ಸಾಲಿನಲ್ಲಿ ಒಬ್ಬ. ಫಜರ್ ನಮಾಜ್ ಮುಗಿಸಿ ಹೊರಟರೆ ಟಿಕೋಟಾಕ್ಕೆ ಹೋಗಿ ಬರಲು ಸುಮಾರು 40 ಕಿಲೋಮೀಟರ್ ಆಗುತ್ತದೆ. ಸ್ನಾನ ಮಾಡಿ, ಅಮ್ಮಿ ಕೊಟ್ಟ ರೊಟ್ಟಿ ತಿಂದು, ಮೊದಲ ಪೀರಿಯಡ್‌ಗೆ ಹಾಜರಿ ಹೇಳಲು ಸಮಯ ಸರಿಯಾಗುತ್ತದೆ.

ಕಳೆದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ನಾವು ಐವರು ಟಿಕೋಟಾದಿಂದ ಹಿಂತಿರುಗುತ್ತಿದ್ದೆವು. ಸಾಲಿನಲ್ಲಿ ನಾನು ಮುಂದೆ ಇದ್ದೆ. ನನ್ನ ಹಿಂದೆ, ಒಂದು ಮೊಳ ಅಂತರದಲ್ಲಿ, ನನ್ನ ಗೆಳೆಯ. ಅವನು ನನ್ನ ತರಗತಿಯವನೇ. ಸಾಲಿನಲ್ಲಿ ಹೋಗುವಾಗ ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ, ಮುಂದಿನವನ ಬೆನ್ನು ಮಾತ್ರ ಕಾಣುತ್ತದೆ. ಆದ್ದರಿಂದ ತೆಗ್ಗು ಬಂದರೆ ಮುಂದಿನವನು ಕೈ ತೋರಿಸಬೇಕು, ಕೂಗಬೇಕು. ಇದು ನಮ್ಮ ಕೋಚ್ ಸರ್ ಮೊದಲ ದಿನ ಕಲಿಸಿದ ಪಾಠ.

ಅಂದು ನನ್ನ ಕೈಗಳು ಜುಮ್ಮೆನ್ನುತ್ತಿದ್ದವು. ಕಿತ್ತು ಹೋದ ಡಾಂಬರಿನ ಮೇಲೆ ಗಟ್ಟಿ ಟೈರು ಒಂದೇ ಸಮನೆ ನಡುಗಿಸಿ ಬೆರಳು ಮರಗಟ್ಟಿದ್ದವು. ವೇಗವೂ ಇತ್ತು. ನಿಜ ಹೇಳಬೇಕೆಂದರೆ ವೇಗ ತೋರಿಸುವ ಆಸೆಯೂ ಇತ್ತು. ಮಳೆನೀರು ತುಂಬಿದ ತೆಗ್ಗು ಕಣ್ಣಿಗೆ ಬಿದ್ದಾಗ ನಾನು ಹ್ಯಾಂಡಲ್ ಬಿಡಲಿಲ್ಲ, ಕೂಗಲೂ ಇಲ್ಲ. ಮುಂದಿನ ಗಾಲಿ ಹಾರಿ ದಾಟಿತು. ಹಿಂದಿನದು ತೆಗ್ಗಿನ ಅಂಚಿಗೆ ಬಡಿಯಿತು. ಠಪ್ ಎಂಬ ಸದ್ದು. ಹವಾ ಹೋಯಿತು, ಗಾಲಿ ಪಕ್ಕಕ್ಕೆ ಸರಿಯಿತು, ಗೆಳೆಯನ ಮುಂದಿನ ಗಾಲಿ ಅದಕ್ಕೆ ತಾಗಿತು. ನಾನು ಬೀಳಲಿಲ್ಲ. ಅವನು ಬಿದ್ದ.

ಅವನ ಎಡಗಡೆಯ ಕಾಲರ್ ಮೂಳೆ ಮುರಿದಿತ್ತು. ಎರಡು ತಿಂಗಳು ಸೈಕಲ್ ಮುಟ್ಟಬಾರದು ಎಂದರು ಡಾಕ್ಟರು. ಆ ಎರಡು ತಿಂಗಳ ಒಳಗೇ ಆಯ್ಕೆ ಸ್ಪರ್ಧೆ ಇತ್ತು. ನಮ್ಮ ಐವರಲ್ಲಿ ಆಯ್ಕೆಯಾಗುವವನು ಇದ್ದಿದ್ದರೆ ಅವನೇ.

ಅವನ ಮನೆಗೆ ಹೋದೆ. ಅವನ ಅವ್ವ ಚಹಾ ಕೊಟ್ಟರು. ಬೈಯಲಿಲ್ಲ. "ನಿನಗೇನೂ ಆಗಿಲ್ಲಲ್ಲಪಾ?" ಎಂದು ಕೇಳಿದರು. ಬೈದಿದ್ದರೆ ಹಗುರಾಗುತ್ತಿದ್ದೆ.

ಮರುದಿನ ಗಾಲಿ ಹೊತ್ತುಕೊಂಡು ನಮ್ಮ ಓಣಿಯ ಸೈಕಲ್ ಅಂಗಡಿಯ ಕಾಕಾರ ಹತ್ತಿರ ಹೋದೆ. ಅವರು ನಲವತ್ತು ವರ್ಷದಿಂದ ಗಾಲಿ ಕಟ್ಟುತ್ತಿದ್ದಾರೆ. ಟ್ಯೂಬ್ ಹೊರಗೆಳೆದು ತೋರಿಸಿದರು. ಅಕ್ಕಪಕ್ಕ ಎರಡು ಸಣ್ಣ ತೂತು, ಹಾವು ಕಚ್ಚಿದ ಹಾಗೆ. ತೆಗ್ಗಿನ ಅಂಚು ಮತ್ತು ರಿಮ್ಮಿನ ಅಂಚು ಎರಡರ ನಡುವೆ ಟ್ಯೂಬ್ ಸಿಕ್ಕಿಕೊಂಡರೆ ಹೀಗಾಗುತ್ತದೆ. ರಿಮ್ಮಿನ ಅಂಚು ಒಳಕ್ಕೆ ಮಡಚಿ ಹೋಗಿತ್ತು.

"ಎಷ್ಟು ಹವಾ ಹಾಕಿದ್ದಿ ತಮ್ಮಾ?"

"120 ಪಿಎಸ್‌ಐ ರೀ ಕಾಕಾ. ಎರಡು ದಿನದ ಹಿಂದ."

"ಅವತ್ತು ಮುಂಜಾನೆ ನೋಡಿದ್ಯೇನು?"

ನೋಡಿರಲಿಲ್ಲ. ಸಣ್ಣ ಟೈರಿನೊಳಗಿನ ತೆಳು ಟ್ಯೂಬ್ ದಿನದಿಂದ ದಿನಕ್ಕೆ ಹವಾ ಇಳಿಸುತ್ತದೆ ಎಂದು ಗೊತ್ತಿದ್ದೂ ನೋಡಿರಲಿಲ್ಲ. ಕಾಕಾ ಹೇಳಿದ್ದು ಇಷ್ಟೇ: "ಹವಾ ಭರ್ತಿ ಇದ್ರ ಕುಣೀತೈತಿ, ಸ್ವಲ್ಪ ಇಳಿದ್ರ ರಿಮ್ಮಿಗೆ ಬಡೀತೈತಿ. ಈ ಗಾಲಿಗೆ ನಡುವ ಜಾಗಾನ ಇಲ್ಲ." ಆ ಮಾತು ನನ್ನ ತಲೆಯಲ್ಲಿ ಕೂತಿತು. ನನಗೆ ಬೇಕಾದದ್ದು ಆ ನಡುವಿನ ಜಾಗ. ಒಂದು ದಿನ ಹವಾ ನೋಡಲು ಮರೆತರೂ, ಒಂದು ತೆಗ್ಗು ಕಣ್ಣು ತಪ್ಪಿದರೂ, ನನ್ನ ಹಿಂದಿರುವವನು ಆಸ್ಪತ್ರೆಗೆ ಹೋಗದಷ್ಟು ಜಾಗ.

ಆದರೆ ಹದಿನೇಳು ವರ್ಷದ ತಲೆ ನೇರ ದಾರಿಯಲ್ಲಿ ಹೋಗುವುದಿಲ್ಲ. ನಾನು ಮೊದಲು ನೋಡಿದ್ದು ಕಾರ್ಬನ್ ಗಾಲಿ. ಮೊಬೈಲಿನಲ್ಲಿ ಒಂದು ಚಿತ್ರ: ಕರಿ ಬಣ್ಣ, 50 ಮಿಲಿಮೀಟರ್ ಎತ್ತರದ ರಿಮ್, ಹೆಸರಿಲ್ಲದ ಕಂಪನಿ, ಬೆಲೆ 34,000 ರೂಪಾಯಿ. ಅಮ್ಮಿಯ ಭಿಶಿ ಆ ತಿಂಗಳು ಬರುವುದಿತ್ತು, 30,000. ಗಾಲಿ ಮುರಿದಿದೆ, ಹೊಸದು ಬೇಕು ಎಂದೆ. ಯಾವುದು, ಯಾಕೆ ಎಂದು ಅವರು ಕೇಳಿದಾಗ ಪಿಎಸ್‌ಐ ಅದು ಇದು ಎಂದು ವಿವರಿಸತೊಡಗಿದೆ. "ಪಿಎಸ್‌ಐಗೂ ನಿನ್ನ ಸೈಕಲ್ಲಿಗೂ ಏನು ಸಂಬಂಧ? ಪೊಲೀಸ್ ಕೇಸ್ ಆಗಿದೆಯಾ?" ಎಂದು ಅಮ್ಮಿ ಗಾಬರಿಯಾದರು. ಮನೆಯವರೆಲ್ಲ ನಕ್ಕರು. ಅದು ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಎಂಬ ಲೆಕ್ಕ ಎಂದು ಹೇಳಿದ ಮೇಲೆ ಸಮಾಧಾನವಾಯಿತು.

ಅಬ್ಬಾ ನಗಲಿಲ್ಲ. ಅವರು ಸರಕಿನ ಟೆಂಪೊ ಓಡಿಸುತ್ತಾರೆ. ಟೈರು, ಹವಾ, ಭಾರ, ರಸ್ತೆ ಇವೇ ಅವರ ದಿನದ ಲೆಕ್ಕ. ಚಿತ್ರ ನೋಡಿ, "ರಸ್ತೆ ನೋಡಿ ಗಾಲಿ ತಗೋ, ಫೋಟೊ ನೋಡಿ ನಕ್ಕೋ" ಎಂದರು. ಅಷ್ಟೇ ಹೇಳಿ ಊಟಕ್ಕೆ ಕೂತರು.

ಅದಕ್ಕೂ ನಾನು ಬಗ್ಗಲಿಲ್ಲ. ಗೆಳೆಯನಿಗೆ ತೋರಿಸಿದೆ. ಅವನು ಕೈಯನ್ನು ಜೋಳಿಗೆಯಂತೆ ಕಟ್ಟಿಕೊಂಡು ಕೂತಿದ್ದ. ಚಿತ್ರವನ್ನು ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದ: "ಚಂದ ಐತಿ. ಇದು ತೆಗ್ಗಿನ್ಯಾಗ ಇಳಿದ್ರ ಏನಾಗ್ತೈತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಚಿತ್ರ ಅಳಿಸಿದೆ.

ಮರುದಿನದಿಂದ ಓದಲು ಶುರು ಮಾಡಿದೆ. ಹಿಂದೆ ಸ್ಪರ್ಧಿಗಳೆಲ್ಲ 23 ಮಿಲಿಮೀಟರ್ ಟೈರಿಗೆ ಕಲ್ಲಿನಂತೆ ಹವಾ ತುಂಬಿ ಓಡಿಸುತ್ತಿದ್ದರು. ಗಟ್ಟಿಯಾದಷ್ಟೂ ವೇಗ ಎಂಬ ನಂಬಿಕೆ. ಸಾಮಾನ್ಯ ರಿಮ್ಮಿನ ಹೊರ ಅಗಲ 19 ಮಿಲಿಮೀಟರ್ ಆಸುಪಾಸು ಇದ್ದ ಆ ಕಾಲದಲ್ಲಿ ಅಮೆರಿಕದ ಸ್ಟೀವ್ ಹೆಡ್ ಎಂಬ ಗಾಲಿ ತಯಾರಕರು 23 ಮಿಲಿಮೀಟರ್ ಅಗಲದ ರಿಮ್ ಮಾರುಕಟ್ಟೆಗೆ ತಂದರು. 2010ರ ದಶಕದಲ್ಲಿ ದೊಡ್ಡ ಸ್ಪರ್ಧೆಗಳವರೂ 23 ಬಿಟ್ಟು 25ಕ್ಕೆ, ಆಮೇಲೆ 28ಕ್ಕೆ ಬಂದರು. ಫ್ರಾನ್ಸಿನ ಉತ್ತರ ಭಾಗದಲ್ಲಿ 1896ರಿಂದ ನಡೆಯುತ್ತಿರುವ ಪ್ಯಾರಿಸ್–ರೂಬೆ ಸ್ಪರ್ಧೆಯಲ್ಲಿ 50 ಕಿಲೋಮೀಟರಿಗೂ ಹೆಚ್ಚು ದೂರ ಕಲ್ಲು ಹಾಸಿದ ಹಳ್ಳಿ ದಾರಿ ಇದೆ. ಅಲ್ಲಿ ಅಗಲ ಟೈರು, ಕಡಿಮೆ ಹವಾ ಎಂಬುದು ಹಳೆಯ ಪಾಠ. ನಮ್ಮ ರಸ್ತೆಯೂ ಅದರ ದೂರದ ಸಂಬಂಧಿಯೇ ಎನಿಸಿತು.

ಈಗ ಪ್ರಶ್ನೆ: ಅಗಲ ಟೈರು ಹಾಕಿದರೆ ಸಾಲದೇ, ರಿಮ್ ಯಾಕೆ ಅಗಲವಾಗಬೇಕು? ಇದನ್ನು ಕಾಕಾರಿಗೆ ಕೇಳಿದೆ. ಅವರು ರಸ್ತೆಯ ಆಚೆ ಬದಿ ನೀರು ಹೊತ್ತು ಹೋಗುತ್ತಿದ್ದ ಒಬ್ಬ ಅಜ್ಜಿಯನ್ನು ತೋರಿಸಿದರು. "ಕೊಡ ದೊಡ್ಡದಿದ್ರ ಸಿಂಬಿನೂ ಅಗಲ ಬೇಕಲ್ಲ ತಮ್ಮಾ. ಸಣ್ಣ ಸಿಂಬಿ ಮ್ಯಾಲ ದೊಡ್ಡ ಕೊಡ ಇಟ್ರ ವಾಲಾಡ್ತೈತಿ." ಇದಕ್ಕಿಂತ ಚೆನ್ನಾದ ವಿವರಣೆ ನಾನು ಎಲ್ಲಿಯೂ ಓದಲಿಲ್ಲ. ಕಿರಿದಾದ ರಿಮ್ಮಿನ ಮೇಲೆ ಅಗಲ ಟೈರು ಕೂತರೆ ಅದು ಬಲ್ಬಿನ ಆಕಾರಕ್ಕೆ ಬರುತ್ತದೆ, ಕೆಳಗೆ ಸಣ್ಣ, ಮೇಲೆ ದಪ್ಪ. ಹವಾ ಕಡಿಮೆ ಮಾಡಿದ ತಕ್ಷಣ ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ರಿಮ್ ಅಗಲವಾದರೆ ಟೈರಿನ ಗೋಡೆಗಳು ನೆಟ್ಟಗೆ ನಿಲ್ಲುತ್ತವೆ. ಆಗ ಹವಾ ಕಡಿಮೆ ಇದ್ದರೂ ಅದು ಅಲುಗುವುದಿಲ್ಲ. ಜೊತೆಗೆ ಅದೇ ಟೈರು ಸ್ವಲ್ಪ ಅಗಲವೂ ಆಗುತ್ತದೆ, ಒಳಗೆ ಹೆಚ್ಚು ಗಾಳಿ ಹಿಡಿಯುತ್ತದೆ.

ಹಾಗಾದರೆ ಎಲ್ಲಕ್ಕಿಂತ ಅಗಲವಾದದ್ದನ್ನೇ ತರುತ್ತೇನೆ ಎಂದು ಹೊರಟೆ. ಒಳ ಅಗಲ 21 ಮಿಲಿಮೀಟರ್ ಇರುವ ರಿಮ್, 28ರ ಟೈರು. ಇದು ನನ್ನ ಎರಡನೆಯ ತಪ್ಪಾಗುವುದರಲ್ಲಿತ್ತು. ಉಳಿಸಿದ್ದು ನಮ್ಮ ಭೌತಶಾಸ್ತ್ರ ಪ್ರಯೋಗಾಲಯ.

ಪ್ರಥಮ ಪಿಯುಸಿಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಪ್ರಯೋಗ ಮಾಡುವಾಗ ನಾವೆಲ್ಲ ಬೇಸರದಿಂದ ಸಿಲಿಂಡರ್ ಅಳೆದು ರೆಕಾರ್ಡ್ ಬರೆದು ಮುಗಿಸಿದವರೇ. ನಾನು ಮೇಡಂ ಹತ್ತಿರ ಹೋಗಿ, ಸೈಕಲ್ ಅಳೆಯಬೇಕು, ಉಪಕರಣ ಒಂದು ಗಂಟೆ ಕೊಡುತ್ತೀರಾ ಎಂದು ಕೇಳಿದೆ. ಅವರು ಕೊಟ್ಟರು. ಒಂದು ಷರತ್ತು: ಮೊದಲು ಶೂನ್ಯ ದೋಷ ನೋಡಬೇಕು, ಪ್ರತಿ ಅಳತೆ ಮೂರು ಸಲ ತೆಗೆದು ಸರಾಸರಿ ಬರೆಯಬೇಕು.

ಸೈಕಲ್ ನಿಲ್ಲಿಸುವ ಶೆಡ್ಡಿನಲ್ಲಿ ನಾನು ಅಳೆದೆ. ಗೆಳೆಯ ಬಂದು ಪಕ್ಕದಲ್ಲಿ ಕೂತ. ಅವನ ಬಲಗೈ ಚೆನ್ನಾಗಿತ್ತು, ಅವನು ಬರೆದುಕೊಂಡ. ಹಳೆಯ ರಿಮ್ಮಿನ ಹೊರ ಅಗಲ 19.1 ಮಿಲಿಮೀಟರ್. ಮೇಲಿನ ಚಿಕ್ಕ ದವಡೆಗಳಿಂದ ತೆಗೆದ ಒಳ ಅಗಲ 13.1. ಟೈರು ತಿರುಗುವ ಜಾಗದಲ್ಲಿ ಹಿಂದಿನ ಫ್ರೇಮಿನ ಎರಡು ಕೊಳವೆಗಳ ನಡುವಿನ ಅಂತರ 36.2. ಆಮೇಲೆ ಕಾಕಾರ ಅಂಗಡಿಗೆ ಹೋಗಿ ಬೇರೆಯವರ ಸೈಕಲ್ಲುಗಳ ಟೈರು ಅಳೆದೆವು. 21ರ ರಿಮ್ಮಿನ ಮೇಲೆ ಹವಾ ತುಂಬಿದ 28ರ ಟೈರು ನಿಜವಾಗಿ 30.2 ಇತ್ತು. 19ರ ರಿಮ್ಮಿನ ಮೇಲೆ 25ರ ಟೈರು 26.9 ಇತ್ತು. ಟೈರಿನ ಮೇಲೆ ಬರೆದ ಅಂಕಿ ಒಂದು, ಅದು ಕೂರುವ ರಿಮ್ಮಿಗೆ ತಕ್ಕಂತೆ ಆಗುವ ಅಗಲ ಇನ್ನೊಂದು.

ಲೆಕ್ಕ ಹಾಕಿ. 36.2ರಲ್ಲಿ 30.2 ಕಳೆದರೆ 6. ಪ್ರತಿ ಬದಿಗೆ 3 ಮಿಲಿಮೀಟರ್. ಬೇಸಿಗೆಯಲ್ಲಿ ಅದು ನಡೆಯುತ್ತದೆ. ಆದರೆ ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರು ರಸ್ತೆಯ ಮೇಲೆ ಉದುರಿಸಿ ಹೋದ ಎರೆ ಮಣ್ಣು ಟೈರಿಗೆ ಹತ್ತಿದರೆ ಬಿಡುವುದಿಲ್ಲ. ಮೂರು ಮಿಲಿಮೀಟರಿನಲ್ಲಿ ಅದು ತುಂಬಿಕೊಂಡು ಗಾಲಿಯನ್ನೇ ನಿಲ್ಲಿಸುತ್ತದೆ. 26.9 ಆದರೆ ಪ್ರತಿ ಬದಿಗೆ ನಾಲ್ಕೂವರೆ ಮಿಲಿಮೀಟರಿಗೂ ಹೆಚ್ಚು ಉಳಿಯುತ್ತದೆ. ಗೆಳೆಯ 19ರ ಸುತ್ತ ಒಂದು ಗೆರೆ ಎಳೆದ. ಆಯ್ಕೆ ಮುಗಿಯಿತು. ಹೊರ ಅಗಲ 24, ಒಳ ಅಗಲ 19, ಅಲ್ಯೂಮಿನಿಯಂ ರಿಮ್, 32 ತೂತು. ಹಳೆಯದಕ್ಕಿಂತ ಒಳಗೆ 6 ಮಿಲಿಮೀಟರ್ ಅಗಲ, ಅಷ್ಟೇ.

ರೆಕಾರ್ಡ್ ನೋಡಿದ ಮೇಡಂ ಅಲ್ಲಿಗೇ ಬಿಡಲಿಲ್ಲ. "ಅಗಲ ಟೈರಿಗೆ ಕಡಿಮೆ ಹವಾ ಸಾಕು ಅನ್ನುತ್ತೀಯಲ್ಲ, ಯಾಕೆ?" ಎಂದರು. ಸಾಬೂನಿನ ಗುಳ್ಳೆಯ ಪಾಠ ನೆನಪಿಸಿದರು. ಒಳ ಒತ್ತಡ, ತ್ರಿಜ್ಯ, ಗೋಡೆಯ ಎಳೆತ ಇವುಗಳ ನಡುವೆ ಗುಳ್ಳೆಗೆ ಇರುವಂಥ ಸಂಬಂಧ ಕೊಳವೆಗೂ ಇದೆ. ಟೈರಿನ ಗೋಡೆಯ ಎಳೆತ ಎಂದರೆ ಒತ್ತಡ ಗುಣಿಸು ತ್ರಿಜ್ಯ. 23ರ ಟೈರಿಗೆ ತ್ರಿಜ್ಯ 11.5, ಹವಾ 120, ಗುಣಲಬ್ಧ 1,380. ಹೊಸ ಟೈರಿಗೆ ತ್ರಿಜ್ಯ ಸುಮಾರು 13.5, ಹವಾ 75, ಗುಣಲಬ್ಧ ಸುಮಾರು 1,012. ಅಂದರೆ ಗೋಡೆಯ ಎಳೆತ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯಿತು. ಟೈರು ಮೆತ್ತಗಾಯಿತು. ಅದೇ 75ನ್ನು ಹಳೆಯ ಸಣ್ಣ ಟೈರಿಗೆ ಹಾಕಿದ್ದರೆ ಮೊದಲ ತೆಗ್ಗಿಗೇ ರಿಮ್ಮಿಗೆ ಬಡಿಯುತ್ತಿತ್ತು. ಅಗಲ ಟೈರಿನಲ್ಲಿ ಅಂಚು ಮುಟ್ಟುವ ಮೊದಲು ಒತ್ತಿಕೊಳ್ಳಲು ಜಾಗ ಹೆಚ್ಚು.

ಇನ್ನೊಂದು ಲೆಕ್ಕ ನಾನೇ ಮಾಡಿದೆ. ನಾನು 58 ಕಿಲೋ, ಸೈಕಲ್ 9 ಕಿಲೋ. ಅದರಲ್ಲಿ ಹಿಂದಿನ ಗಾಲಿಯ ಮೇಲೆ ಸುಮಾರು 40 ಕಿಲೋ ಎಂದುಕೊಳ್ಳೋಣ. ಬಲವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲ ಮುಟ್ಟುವ ಜಾಗ ಸಿಗುತ್ತದೆ. 120 ಪಿಎಸ್‌ಐಗೆ ಅದು 5 ಚದರ ಸೆಂಟಿಮೀಟರಿಗೂ ಕಡಿಮೆ, 75ಕ್ಕೆ ಸುಮಾರು ಏಳೂವರೆ. ನನ್ನ ಇಡೀ ದೇಹ, ಅಮ್ಮಿಯ ದುವಾ, ಕೋಚ್ ಸರ್ ಬೈಗುಳ ಎಲ್ಲವೂ ಒಂದು ಅಂಚೆ ಚೀಟಿಯಷ್ಟು ರಬ್ಬರಿನ ಮೇಲೆ ನಿಂತಿವೆ ಎಂದು ಅಂದೇ ನನಗೆ ಗೊತ್ತಾದದ್ದು.

ಹವಾ ಇಳಿಸಿದರೆ ನಿಧಾನವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಗಾಜಿನಂತೆ ನುಣುಪಾದ ನೆಲದ ಮೇಲೆ ಗಟ್ಟಿ ಟೈರಿಗೆ ಸ್ವಲ್ಪ ಲಾಭ ಇದೆ. ಆದರೆ ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತುತ್ತದೆ. ಮುಂದೆ ಹೋಗಬೇಕಾದ ಶಕ್ತಿ ಮೇಲೆ ಕೆಳಗೆ ಕುಣಿಯುವುದರಲ್ಲಿ, ನಮ್ಮ ಮೈ ನಡುಗಿಸುವುದರಲ್ಲಿ ಖರ್ಚಾಗುತ್ತದೆ. ಮೆತ್ತನೆಯ ಟೈರು ಕಲ್ಲನ್ನು ತಾನೇ ನುಂಗಿಕೊಳ್ಳುತ್ತದೆ. ಹೊಸ ರಿಮ್ ಒಂದೊಂದು ಸುಮಾರು 60 ಗ್ರಾಂ ಭಾರ ಹೆಚ್ಚು. ಎರಡೂ ಸೇರಿ ಅರ್ಧ ಲೋಟ ನೀರಿನಷ್ಟು. ಅಭ್ಯಾಸದಲ್ಲಿ ಅದನ್ನು ಹೊತ್ತರೆ ಕಾಲಿಗೆ ಒಳ್ಳೆಯದೇ.

ಕಾರ್ಬನ್ನಿನ ಎತ್ತರದ ರಿಮ್ಮಿಗೂ ಅದರ ಜಾಗ ಇದೆ. ನುಣುಪು ರಸ್ತೆಯ ಸ್ಪರ್ಧೆಯಲ್ಲಿ ಅದು ಗಾಳಿಯನ್ನು ಸೀಳುತ್ತದೆ. ಆದರೆ ಆಷಾಢದಲ್ಲಿ ನಮ್ಮ ಬಯಲಿನ ಅಡ್ಡಗಾಳಿಗೆ ಎತ್ತರದ ರಿಮ್ ಪಟದ ಹಾಗೆ ಸಿಗುತ್ತದೆ. ರಿಮ್ಮಿನ ಮೇಲೆಯೇ ಬ್ರೇಕ್ ಹಿಡಿಯುವ ನನ್ನಂಥ ಸೈಕಲ್ಲಿನಲ್ಲಿ, ಮಳೆ ಬಂದರೆ ಕಾರ್ಬನ್ನಿಗಿಂತ ಅಲ್ಯೂಮಿನಿಯಂ ಮೇಲೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಅಲ್ಯೂಮಿನಿಯಂ ಬಡಿದರೆ ಸಾಮಾನ್ಯವಾಗಿ ಮಡಚುತ್ತದೆ, ಕಾರ್ಬನ್ ಸೀಳುತ್ತದೆ. ಮಡಚಿದ್ದು ಕಣ್ಣಿಗೆ ಕಾಣುತ್ತದೆ. ನನಗೆ ಆ ಮುನ್ಸೂಚನೆ ಬೇಕಿತ್ತು.

ರಿಮ್ ಬಂತು. ಹಳೆಯ ಹಬ್ ಚೆನ್ನಾಗಿತ್ತು, ಅದನ್ನೇ ಉಳಿಸಿಕೊಂಡೆವು. ಹಳೆಯ ಸ್ಪೋಕ್ ಕಡ್ಡಿಗಳನ್ನೂ ಉಳಿಸಬಹುದು ಎಂದು ನಾನು ಅಂದುಕೊಂಡಿದ್ದೆ. ಕಾಕಾ ಬೇಡ ಎಂದರು, ಉದ್ದ ಹೊಂದುವುದಿಲ್ಲ. ಅವರಿಗೆ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ನನಗೆ ಲೆಕ್ಕ ಬೇಕಿತ್ತು. ಆ ಲೆಕ್ಕ ಎಲ್ಲಿ ಸಿಕ್ಕಿತು ಗೊತ್ತೇ? ನಮ್ಮ ಗಣಿತ ಪುಸ್ತಕದ ಕೊಸೈನ್ ನಿಯಮದಲ್ಲಿ.

ಮುಂದಿನ ಗಾಲಿಯಲ್ಲಿ 32 ಕಡ್ಡಿ, ಹಬ್ಬಿನ ಪ್ರತಿ ಬದಿಗೆ 16. ಪ್ರತಿ ಕಡ್ಡಿ ಇತರ ಮೂರು ಕಡ್ಡಿಗಳನ್ನು ದಾಟಿ ರಿಮ್ ಸೇರುತ್ತದೆ. ಆಗ ಹಬ್ಬಿನ ತೂತಿಗೂ ರಿಮ್ಮಿನ ತೂತಿಗೂ ನಡುವಿನ ಕೋನ 360ನ್ನು 16ರಿಂದ ಭಾಗಿಸಿ 3ರಿಂದ ಗುಣಿಸಿದಷ್ಟು, ಅಂದರೆ 67.5 ಡಿಗ್ರಿ. ರಿಮ್ಮಿನಲ್ಲಿ ಕಡ್ಡಿ ಮುಗಿಯುವ ವೃತ್ತದ ತ್ರಿಜ್ಯ 299, ಹಬ್ಬಿನ ತೂತುಗಳ ವೃತ್ತದ ತ್ರಿಜ್ಯ 19, ಹಬ್ಬಿನ ನಡುವಿನಿಂದ ಬದಿಗೆ 36 ಮಿಲಿಮೀಟರ್. ಮೊದಲೆರಡಕ್ಕೆ ಕೊಸೈನ್ ನಿಯಮ, ಮೂರನೆಯದಕ್ಕೆ ಪೈಥಾಗೊರಸ್. ಹಬ್ಬಿನ ತೂತಿನ ಅರ್ಧ ಅಗಲ ಕಳೆದರೆ 293.3 ಬಂತು. ಹಳೆಯ ಕಡ್ಡಿ 296. ಕಾಕಾ ಹೇಳಿದ್ದು ನಿಜ, ಮೂರು ಮಿಲಿಮೀಟರ್ ಉದ್ದವಾಗುತ್ತಿತ್ತು. ಚೀಟಿ ತೋರಿಸಿದಾಗ ಅವರು ನಕ್ಕು, "ನೀ ಕಾಲೇಜಿನ್ಯಾಗ ಕಲ್ತಿ, ನಾ ಕೈ ಸುಟ್ಕೊಂಡು ಕಲ್ತೆ. ಇಬ್ರದೂ ಒಂದ ಬಂತು" ಎಂದರು.

ಕಾಕಾ ಎರಡು ಸಂಜೆ ಕೂತು ಗಾಲಿ ಕಟ್ಟಿದರು. ನಿಪ್ಪಲ್ ಹಿತ್ತಾಳೆಯದು. ಒಮ್ಮೆಲೇ ಬಿಗಿಯಲಿಲ್ಲ. ಒಂದು ಸುತ್ತು ಎಲ್ಲಕ್ಕೂ ಸಮ, ಮತ್ತೊಂದು ಸುತ್ತು ಎಲ್ಲಕ್ಕೂ ಸಮ. ನಡುನಡುವೆ ಕಡ್ಡಿಗಳನ್ನು ಜೋಡಿಯಾಗಿ ಹಿಡಿದು ಹಿಚುಕುತ್ತಿದ್ದರು, ಆಮೇಲೆ ತಾವಾಗಿ ಸಡಿಲವಾಗದಿರಲಿ ಎಂದು. ಕೊನೆಗೆ ಬೆರಳಿನಿಂದ ಮೀಟಿ ಕಿವಿಗೊಟ್ಟರು. ಒಂದೇ ಬದಿಯ ಕಡ್ಡಿಗಳು ಒಂದೇ ಸ್ವರ ಕೊಡಬೇಕು. "ಒಂದ ಕಡ್ಡಿ ಜಾಸ್ತಿ ಬಿಗಿದ್ರ ಅದ ಮೊದಲು ಮುರೀತೈತಿ. ಎಲ್ಲಾರೂ ಹೊತ್ರ ಯಾರಿಗೂ ಭಾರ ಆಗಂಗಿಲ್ಲ." ಅವರು ಗಾಲಿಯ ಬಗ್ಗೆಯೇ ಹೇಳಿದ್ದು. ನನಗೆ ನಮ್ಮ ಐವರ ಸಾಲು ನೆನಪಾಯಿತು.

ಖರ್ಚಿನ ಲೆಕ್ಕವನ್ನೂ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು. ಎರಡು ರಿಮ್ 5,800. ಕಡ್ಡಿ ಮತ್ತು ನಿಪ್ಪಲ್ 1,920. ಎರಡು ಟೈರು 3,000. ಟ್ಯೂಬ್ 500. ಕಾಕಾರ ಕೂಲಿ 600, ಅದನ್ನೂ ಒತ್ತಾಯ ಮಾಡಿ ಕೊಟ್ಟೆ. ಒಟ್ಟು 11,820 ರೂಪಾಯಿ. ಭಿಶಿಯಲ್ಲಿ ಉಳಿದ ಹಣ ಆಪಾಳ ಬಿ.ಎಡ್. ಶುಲ್ಕಕ್ಕೆ ಹೋಯಿತು. ಕಾರ್ಬನ್ ತಂದಿದ್ದರೆ ಆ ಶುಲ್ಕಕ್ಕೆ ಅಬ್ಬಾ ಯಾರ ಹತ್ತಿರ ಕೈ ಚಾಚುತ್ತಿದ್ದರೋ, ಅದನ್ನು ನಾನು ಆಗ ಯೋಚಿಸಿಯೇ ಇರಲಿಲ್ಲ.

ರಿಮ್ 5 ಮಿಲಿಮೀಟರ್ ದಪ್ಪವಾದ್ದರಿಂದ ಬ್ರೇಕ್ ಸಡಿಲಿಸಿ ಕೇಬಲ್ ಮತ್ತೆ ಕಟ್ಟಬೇಕಾಯಿತು. ಇದನ್ನು ಮರೆತರೆ ಗಾಲಿ ಹೊಸದಾದರೂ ತಿರುಗುವುದಿಲ್ಲ. ಮುಂದೆ 70, ಹಿಂದೆ 75 ಹವಾ ಹಾಕಿ ಒಬ್ಬನೇ ಟಿಕೋಟಾ ರಸ್ತೆಗೆ ಹೋದೆ. ಮೊದಲು ಅನುಮಾನ ಬಂತು, ಸದ್ದೇ ಇಲ್ಲವಲ್ಲ, ನಿಧಾನವಾಯಿತೇ ಎಂದು. ಗಡಿಯಾರ ನೋಡಿದರೆ ಹಳೆಯ ಸಮಯವೇ. ಹಿಂತಿರುಗಿ ಬಂದಾಗ ಬೆರಳು ಜುಮ್ಮೆನ್ನಲಿಲ್ಲ. ಮೊದಲ ಪೀರಿಯಡ್‌ನಲ್ಲಿ ಪೆನ್ನು ಸರಿಯಾಗಿ ಹಿಡಿದು ಬರೆದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಗಾಲಿ ಬದಲಾಯಿಸುವುದು ಸುಲಭ. ಅಂದು ನಾನು ಕೈ ತೋರಿಸದಿದ್ದುದಕ್ಕೆ ಯಾವ ರಿಮ್ಮೂ ಹೊಣೆಯಲ್ಲ. ಇಷ್ಟೆಲ್ಲ ಅಳತೆ, ಇಷ್ಟೆಲ್ಲ ಲೆಕ್ಕ ಮಾಡುವಾಗ ನಡುವೆ ಎಲ್ಲೋ ನನಗೆ ಅನಿಸಿತು, ನಾನು ಕ್ಷಮೆ ಕೇಳುವ ಬದಲು ರಿಮ್ ಹುಡುಕುತ್ತಿದ್ದೇನೆ ಎಂದು. ಒಂದು ಸಂಜೆ ಶೆಡ್ಡಿನಲ್ಲಿ ಗೆಳೆಯನಿಗೆ ಹೇಳಿಯೇಬಿಟ್ಟೆ. "ತೆಗ್ಗು ನನಗ ಕಂಡಿತ್ತು. ನಾ ಕೈ ತೋರಿಸಲಿಲ್ಲ." ಅವನು ಪುಸ್ತಕದಿಂದ ತಲೆ ಎತ್ತದೆ, "ಗೊತ್ತೈತಿ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಅಳತಿ ಹೇಳು" ಎಂದ.

ಚಳಿಗಾಲದಲ್ಲಿ ಅವನು ಮತ್ತೆ ಸೈಕಲ್ ಹತ್ತಿದ. ಮೊದಲ ಕೆಲವು ವಾರ ಎಲ್ಲರಿಗಿಂತ ಹಿಂದೆ, ಒಬ್ಬನೇ ಬರುತ್ತಿದ್ದ. ಯಾರ ಗಾಲಿಯ ಹತ್ತಿರವೂ ಬರುತ್ತಿರಲಿಲ್ಲ. ನಾವು ಏನೂ ಹೇಳಲಿಲ್ಲ. ಈ ವರ್ಷ ಕಾಲೇಜು ಶುರುವಾದ ಮೇಲೆ ಒಂದು ಬೆಳಿಗ್ಗೆ ಸಾಲು ಕಟ್ಟುವಾಗ ನನ್ನನ್ನು ಮುಂದೆ ತಳ್ಳಿ, "ನೀ ನಡಿ, ನಾ ಹಿಂದ ಬರ್ತೀನಿ" ಎಂದ. ಒಂದು ಮೊಳ ಅಂತರದಲ್ಲಿ ಅವನ ಟೈರಿನ ಸದ್ದು ನನಗೆ ಕೇಳುತ್ತಿತ್ತು.

ಗೆಳೆಯರೇ, ನಿಮ್ಮಲ್ಲಿ ಯಾರಾದರೂ ಅಭ್ಯಾಸಕ್ಕೆ ಗಾಲಿ ಕೊಳ್ಳುವುದಿದ್ದರೆ ಮೊದಲು ಫ್ರೇಮ್ ಅಳೆಯಿರಿ, ಆಮೇಲೆ ರಿಮ್ ಆರಿಸಿ. ಅಗಲ ಒಳ್ಳೆಯದು, ಆದರೆ ನಿಮ್ಮ ಫ್ರೇಮ್ ಹಿಡಿಸುವಷ್ಟು, ನಿಮ್ಮ ಟೈರಿಗೆ ಹೊಂದುವಷ್ಟು ಮಾತ್ರ. ತೀರಾ ಅಗಲ ರಿಮ್ಮಿಗೆ ಸಣ್ಣ ಟೈರು ಹಾಕಿದರೂ ತಪ್ಪೇ, ರಿಮ್ಮಿನ ಅಂಚು ಹೊರಗೆ ಬಂದು ಮೊದಲು ಏಟು ತಿನ್ನುತ್ತದೆ. ಪ್ರತಿ ಬೆಳಿಗ್ಗೆ ಹವಾ ನೋಡಿ. ಪ್ರಯೋಗಾಲಯದಲ್ಲಿ ವರ್ನಿಯರ್ ಇದೆ, ಮೇಡಂ ಕೊಡುತ್ತಾರೆ, ಶೂನ್ಯ ದೋಷ ಮಾತ್ರ ಮರೆಯಬೇಡಿ.

ಅಂದು ಅದೇ ಜಾಗ ಬಂತು. ರಸ್ತೆಗೆ ತೇಪೆ ಹಾಕಿದ್ದರು, ಆದರೆ ಮಳೆಗೆ ಅದರ ಅಂಚು ಮತ್ತೆ ಕಿತ್ತಿತ್ತು. ನನ್ನ ಗಾಲಿ ಅದನ್ನು ದಾಟಬಲ್ಲದು ಎಂದು ನನಗೆ ಗೊತ್ತಿತ್ತು. ಆದರೂ ಎಡಗೈ ಬಿಟ್ಟು ಕೆಳಕ್ಕೆ ತೋರಿಸಿ, ಗಂಟಲು ಬಿಡಿಸಿ ಕೂಗಿದೆ: "ತೆಗ್ಗೂ!"

ಹಿಂದಿನಿಂದ ಅವನ ದನಿ ಬಂತು: "ಕಂಡೈತಿ, ನಡೀ!"

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ